ಸೇಲರ್ ಆಗಿ ಸೇರಿದವರು ಆಫೀಸರ್ ಆಗುವ ದಾರಿ: ಯಾವುದು, ಯಾವಾಗ, ಯಾರಿಗೆ

(ಕಾರವಾರದಲ್ಲಿ ನೌಕಾಪಡೆಯ ಕಿರಿಯ ನಾವಿಕರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅರ್ಗಾದ ನೌಕಾನೆಲೆಯ ಗೇಟಿನ ಒಳಗೆ ದಿನಾ ಡ್ಯೂಟಿ ಮಾಡುವ ಹುಡುಗರು ಇಲ್ಲಿದ್ದೀರಿ. ಅಮದಳ್ಳಿ ಕ್ವಾರ್ಟರ್ಸಿನಿಂದ ಬಂದವರಿದ್ದೀರಿ. ಅಂಕೋಲಾ, ಕುಮಟಾ, ಹೊನ್ನಾವರದಿಂದ ಬಂದ ಅಪ್ಪ ಅಮ್ಮಂದಿರಿದ್ದೀರಿ. ಶಿರಸಿಯಿಂದ ಘಟ್ಟ ಇಳಿದು ಬಂದವರೂ ಇದ್ದಾರೆ ಎಂದು ಕೇಳಿ ಖುಷಿಯಾಯಿತು. ನಿಮ್ಮೆಲ್ಲರ ಪ್ರಶ್ನೆ ಒಂದೇ: ಸೇಲರ್ ಆಗಿ ಸೇರಿದ ಹುಡುಗ ಆಫೀಸರ್ ಆಗಬಹುದಾ?

ಆಗಬಹುದು. ದಾರಿಗಳು ಹಲವು ಇವೆ. ಆದರೆ ಹುಡುಗರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು, 'ಸರ್, ಯಾವುದು ಸುಲಭ?' ಎಂದು. ಇವತ್ತಿನ ಮಾತೆಲ್ಲ ಆ ಪ್ರಶ್ನೆಯನ್ನು ಬದಲಾಯಿಸುವುದಕ್ಕಾಗಿ. ಎರಡು ಪ್ರಶ್ನೆಗಳನ್ನು ನೀವು ನಿಮಗೇ ಕೇಳಿಕೊಳ್ಳಬೇಕು. ನನಗೆ ಸಮುದ್ರ ಬೇಕಾ, ಅಥವಾ ಭುಜದ ಮೇಲೆ ಆಫೀಸರ್ ಪಟ್ಟಿ ಸಿಕ್ಕರೆ ಎಲ್ಲಿಯಾದರೂ ಸರಿಯಾ? ನನಗೆ ಕೈಯಲ್ಲಿ ಯಂತ್ರ ಇರಬೇಕಾ, ಅಥವಾ ಜನರ ಹೊಣೆ ಹೊರುವುದು ಇಷ್ಟವಾ? ಈ ಎರಡಕ್ಕೆ ಉತ್ತರ ಸಿಕ್ಕರೆ ದಾರಿ ತಾನಾಗಿ ಕಾಣುತ್ತದೆ. ಉತ್ತರ ಇಲ್ಲದೆ ಹೊರಟರೆ ಸಿಕ್ಕಿದ ಪರೀಕ್ಷೆಗಳನ್ನೆಲ್ಲ ಬರೆಯುತ್ತ ವಯಸ್ಸು ಕಳೆಯುತ್ತದೆ.

ನಾನು ಸೇಲರ್ ಆಗಿಯೇ ಸೇರಿದವನು. ಎಂಜಿನ್ ರೂಮಿನಲ್ಲಿ ಬಹಳ ವರ್ಷ ದುಡಿದೆ. ಆಮೇಲೆ ಎಸ್‌ಡಿ ಆಫೀಸರ್ ಆದೆ, ಅದೇನೆಂದು ಮುಂದೆ ಹೇಳುತ್ತೇನೆ. ಸೇಲರ್‌ಗಳ ಮೆಸ್ ಡೆಕ್ಕಿನ ಊಟವೂ ಗೊತ್ತು, ಆಫೀಸರ್‌ಗಳ ವಾರ್ಡ್ ರೂಮಿನ ಊಟವೂ ಗೊತ್ತು. ಆ ಧೈರ್ಯದಲ್ಲೇ ಮಾತಾಡುತ್ತಿದ್ದೇನೆ.

ಇಲ್ಲೇ ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಾಪಲ್ ಮ್ಯೂಸಿಯಂ ಇದೆ. ಅದರ ಪಕ್ಕ ಒಂದು ಪ್ರತಿಮೆ ಇದೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋದಾಗ ನೀವು ನೋಡಿರುತ್ತೀರಿ. ಮೇಜರ್ ರಾಮ ರಾಘೋಬಾ ರಾಣೆ, ಪರಮವೀರ ಚಕ್ರ ಪಡೆದವರು. ಅವರ ಮನೆತನ ಇಲ್ಲಿಯ ಚೆಂಡಿಯಾದ್ದು. ತಂದೆ ಪೊಲೀಸ್ ಕಾನ್‌ಸ್ಟೇಬಲ್. ಮೇಜರ್ ಎಂಬುದನ್ನು ಎಲ್ಲರೂ ಓದುತ್ತಾರೆ. ಅವರು ಸೈನ್ಯಕ್ಕೆ ಸೇರಿದ್ದು ಹೇಗೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಅವರು ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಬರ್ಮಾ ಯುದ್ಧದಲ್ಲಿ ದುಡಿದರು. ಹವಾಲ್ದಾರ್ ಆದರು, ಜಮಾದಾರ್ ಆದರು. 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕು ತಿಂಗಳೊಳಗೆ, 1948ರ ಏಪ್ರಿಲ್‌ನಲ್ಲಿ, ನೌಶೇರಾದಿಂದ ರಾಜೌರಿಗೆ ಹೋಗುವ ರಸ್ತೆಯಲ್ಲಿ ಶತ್ರುಗಳು ಹುಗಿದ ಮೈನ್‌ಗಳನ್ನು ತೆಗೆದು, ಅಡ್ಡ ಬಿದ್ದ ಮರಗಳನ್ನು ಸರಿಸಿ, ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಮೊದಲ ದಿನವೇ ಶೆಲ್ ಬಿದ್ದು ಅವರಿಗೆ ಗಾಯವಾಗಿತ್ತು. ಆದರೂ ಕೆಲಸ ಬಿಡಲಿಲ್ಲ.

ಮೈನ್ ತೆಗೆಯುವ ಕೈಗೆಲಸ ಅವರಿಗೆ ಆಫೀಸರ್ ಆದ ಮೇಲೆ ಬಂದದ್ದಲ್ಲ. ಏಳು ವರ್ಷ ಕೆಳಗಿನ ಹುದ್ದೆಗಳಲ್ಲಿ ಕಲಿತದ್ದು. ಕಮಿಷನ್, ಅಂದರೆ ಆಫೀಸರ್ ಹುದ್ದೆ, ಸಿಕ್ಕ ಮೇಲೆ ಅದಕ್ಕೆ ಸೇರಿದ್ದು ಹೊಣೆ. ಯಾರನ್ನು ಮುಂದೆ ಕಳಿಸಬೇಕು, ತಾನು ಎಲ್ಲಿರಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಹೊಣೆ. ಸೇಲರ್‌ನಿಂದ ಆಫೀಸರ್ ಆಗುವುದೆಂದರೆ ಇದೇ. ಕಲಿತದ್ದು ಯಾವುದೂ ವ್ಯರ್ಥವಾಗುವುದಿಲ್ಲ. ಆದರೆ ದಿನದ ಕೆಲಸ ಬೇರೆಯಾಗುತ್ತದೆ.

ಎಷ್ಟು ಬೇರೆ ಎಂದು ಹೇಳುತ್ತೇನೆ. ನಮ್ಮ ಮೀನುಗಾರಿಕೆ ಬೋಟುಗಳಲ್ಲಿ ತಾಂಡೇಲ ಇರುತ್ತಾನಲ್ಲ. ಬಲೆ ಎಳೆಯುವುದರಲ್ಲಿ ಅವನಿಗಿಂತ ಗಟ್ಟಿ ಹುಡುಗರು ಬೋಟಿನಲ್ಲಿ ಇರಬಹುದು. ಆದರೆ ಬಲೆ ಎಲ್ಲಿ ಬಿಡಬೇಕು, ಗಾಳಿ ತಿರುಗಿದರೆ ಯಾವಾಗ ವಾಪಸ್ ಹೊರಡಬೇಕು ಎಂದು ಹೇಳುವವನು ಅವನು. ಬೋಟಿಗೆ ಏನಾದರೂ ಆದರೆ ದಡದಲ್ಲಿರುವ ಹೆಂಗಸರು ಕೇಳುವುದು ಅವನನ್ನೇ. ಆಫೀಸರ್ ಎಂದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು.

ಐಎನ್‌ಎಸ್ ವಿಕ್ರಮಾದಿತ್ಯ ನಮ್ಮ ಕಾರವಾರವನ್ನೇ ಮನೆ ಬಂದರು ಮಾಡಿಕೊಂಡ ಹಡಗು. ಅದರಲ್ಲಿ 1,600ಕ್ಕೂ ಹೆಚ್ಚು ಜನ ಇರುತ್ತಾರೆ. ಅದು ಸೇವೆಗೆ ಸೇರಿದ ಹೊತ್ತಿನಲ್ಲಿ ನೌಕಾಪಡೆಯೇ ಕೊಟ್ಟ ಲೆಕ್ಕ ನೋಡಿ. ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ. ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ಬೇಯಿಸುವವನು ಸೇಲರ್. ಅವನ ಅನ್ನ ಚೆನ್ನಾಗಿದ್ದರೆ ಅವನ ಕೆಲಸ ಮುಗಿಯಿತು. ನಡು ಸಮುದ್ರದಲ್ಲಿ ಅಕ್ಕಿ ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವನು ಲಾಜಿಸ್ಟಿಕ್ಸ್ ಆಫೀಸರ್. ಬೇಯಿಸುವುದರಲ್ಲಿ ಸಂತೋಷ ಇರುವವನಿಗೆ ಆ ಕಡತ, ಆ ಫೋನು, ಆ ಲೆಕ್ಕ ಹಿಡಿಸದೇ ಹೋಗಬಹುದು. ಅದರಲ್ಲಿ ಸಣ್ಣತನ ಏನೂ ಇಲ್ಲ. ಆಫೀಸರ್ ಆಗಲು ಹೊರಡುವ ಮೊದಲು ನಿಮ್ಮ ಹಡಗಿನ ಡಿವಿಜನಲ್ ಆಫೀಸರ್ ಒಂದು ದಿನದಲ್ಲಿ ಏನೇನು ಮಾಡುತ್ತಾರೆ ಎಂದು ಗಮನಿಸಿ. ಯಾರ ರಜೆ ಅರ್ಜಿ, ಯಾರ ತಾಯಿಗೆ ಹುಷಾರಿಲ್ಲ, ಯಾರು ಕುಡಿದು ಬಂದ, ಯಾರ ಪರೀಕ್ಷೆ ಹತ್ತಿರ ಬಂತು. ಅರ್ಧ ದಿನ ಇದರಲ್ಲೇ ಹೋಗುತ್ತದೆ. ಅದು ನಿಮಗೆ ಇಷ್ಟವಾಗುತ್ತದಾ? ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಈಗ ದಾರಿಗಳ ವಿಷಯ.

ನೌಕಾಪಡೆಯ ಒಳಗೇ ಇರುವ ಮುಖ್ಯ ದಾರಿಗಳು ಎರಡು. ಒಂದು ಕಮಿಷನ್ ವರ್ಥಿ, ಅಂದರೆ ಕಮಿಷನ್‌ಗೆ ಯೋಗ್ಯ, ನಾವೆಲ್ಲ ಸಿಡಬ್ಲ್ಯೂ ಎನ್ನುತ್ತೇವೆ. ಇನ್ನೊಂದು ಸ್ಪೆಷಲ್ ಡ್ಯೂಟೀಸ್, ಎಸ್‌ಡಿ.

ಸಿಡಬ್ಲ್ಯೂ ಚಿಕ್ಕ ವಯಸ್ಸಿನ ಸೇಲರ್‌ಗಳಿಗೆ. ಹಡಗಿನ ಅಧಿಕಾರಿಗಳು ನಿಮ್ಮನ್ನು ಗಮನಿಸಿ ಶಿಫಾರಸು ಮಾಡಬೇಕು. ಪರೀಕ್ಷೆ ಇದೆ. ಆಮೇಲೆ ಎಸ್‌ಎಸ್‌ಬಿ, ಅಂದರೆ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಆಯ್ಕೆ ಇದೆ. ಪಾಸಾದರೆ ಕೇರಳದ ಎಳಿಮಲೆಯಲ್ಲಿರುವ ಇಂಡಿಯನ್ ನೇವಲ್ ಅಕಾಡೆಮಿ. ಕಾರವಾರದಿಂದ ಕೊಂಕಣ ರೈಲು ಹಿಡಿದು ಮಂಗಳೂರು ದಾಟಿದರೆ ಪಯ್ಯನ್ನೂರು ಸಿಗುತ್ತದೆ. ಅದರ ಹತ್ತಿರವೇ ಅಕಾಡೆಮಿ. 2009ರ ಜನವರಿಯಲ್ಲಿ ಉದ್ಘಾಟನೆಯಾದದ್ದು. ಅಲ್ಲಿ ನಿಮ್ಮ ಪಕ್ಕದಲ್ಲಿ ಕೂರುವವರು ನೇರವಾಗಿ ಕೆಡೆಟ್ ಆಗಿ ಬಂದ ಹುಡುಗರು. ಅವರಿಗೆ ಹಡಗು ಹೊಸದು, ನಿಮಗೆ ಹಳೆಯದು. ಓದು ಅವರಿಗೆ ಬಿಸಿಬಿಸಿ, ನಿಮಗೆ ಸ್ವಲ್ಪ ತಣ್ಣಗಾಗಿರುತ್ತದೆ. ಹೊರಬಂದ ಮೇಲೆ ಇಬ್ಬರ ಏಣಿಯೂ ಒಂದೇ. ಸಬ್ ಲೆಫ್ಟಿನೆಂಟ್‌ನಿಂದ ಶುರು, ಯೋಗ್ಯತೆ ಇದ್ದಷ್ಟು ಮೇಲೆ. ಬ್ರಿಡ್ಜಿನ ಮೇಲೆ ನಿಂತು ಹಡಗು ನಡೆಸಬೇಕು, ಒಂದು ದಿನ ಹಡಗಿನ ಕಮಾಂಡ್ ಹಿಡಿಯಬೇಕು ಎನ್ನುವ ಆಸೆ ಯಾರಿಗಿದೆಯೋ ಅವರು ಇದನ್ನೇ ನೋಡಬೇಕು. 'ಮುಂದಿನ ವರ್ಷ ನೋಡೋಣ' ಎನ್ನುವುದಕ್ಕೆ ಇಲ್ಲಿ ಜಾಗ ಕಡಿಮೆ. ವಯಸ್ಸಿನ ಮಿತಿ ಗಟ್ಟಿಯಾಗಿದೆ.

ಎಸ್‌ಡಿ ಬೇರೆ ಥರದ ಜೀವನ. ವರ್ಷಗಟ್ಟಲೆ ಒಂದು ಬ್ರಾಂಚಿನಲ್ಲಿ ದುಡಿದು, ಅದರ ಒಳಹೊರಗು ಅರಿತ ಹಿರಿಯ ಸೇಲರ್‌ಗಳನ್ನು ಪರೀಕ್ಷೆ, ಆಯ್ಕೆಗಳ ಮೂಲಕ ಅದೇ ಬ್ರಾಂಚಿನ ಆಫೀಸರ್ ಮಾಡುತ್ತಾರೆ. ಎಂಜಿನಿನವನು ಎಂಜಿನ್ ಹತ್ತಿರವೇ ಇರುತ್ತಾನೆ, ಗನ್ನರಿಯವನು ಗನ್ನರಿ ಹತ್ತಿರವೇ. ತೀರಾ ಎತ್ತರದ ಹುದ್ದೆಗಳು ಈ ಏಣಿಯಲ್ಲಿ ಇಲ್ಲ. ಹಾಗಾಗಿ ಕೆಲವು ಹುಡುಗರು 'ಅದು ಎರಡನೇ ದರ್ಜೆ ಅಲ್ವಾ ಸರ್' ಎಂದು ನನ್ನ ಮುಖಕ್ಕೇ ಕೇಳಿದ್ದಾರೆ. ನಾನು ಒಪ್ಪುವುದಿಲ್ಲ. ರಾತ್ರಿ ಮಿಡಲ್ ವಾಚಿನಲ್ಲಿ ಜನರೇಟರ್ ಟ್ರಿಪ್ ಆಗಿ ಹಡಗು ಕತ್ತಲಾದಾಗ ಕಮಾಂಡಿಂಗ್ ಆಫೀಸರ್ ಹುಡುಕುವುದು ಶಬ್ದ ಕೇಳಿಯೇ ಕಾಯಿಲೆ ಹೇಳುವವನನ್ನು. ಆ ಅನುಭವವನ್ನು ಯಾವ ಅಕಾಡೆಮಿಯೂ ನಾಲ್ಕು ವರ್ಷದಲ್ಲಿ ಕೊಡುವುದಿಲ್ಲ. ಯಂತ್ರ ಬಿಟ್ಟು ಬದುಕಲಾರೆ ಎನ್ನುವವರಿಗೆ ಎಸ್‌ಡಿ ಸರಿಯಾದ ದಾರಿ. ನಾನು ಅದನ್ನು ಬೇಕೆಂದೇ ಆರಿಸಿದೆ. ಇನ್ನೊಮ್ಮೆ ಹುಟ್ಟಿದರೂ ಅದನ್ನೇ ಆರಿಸುತ್ತೇನೆ.

ಒಂದು ಗೊಂದಲ ಇಲ್ಲೇ ಸರಿಮಾಡುತ್ತೇನೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿನಲ್ಲಿ ಹಿರಿಯ ಮಾಸ್ಟರ್ ಚೀಫ್‌ಗಳಿಗೆ, ಅಂದರೆ ಸೇಲರ್‌ಗಳಲ್ಲೇ ಮೇಲಿನ ದರ್ಜೆಯವರಿಗೆ, ಆನರರಿ ಕಮಿಷನ್ ಕೊಡುತ್ತಾರೆ. ಅದು ಜೀವಮಾನದ ಸೇವೆಗೆ ಸಿಗುವ ದೊಡ್ಡ ಗೌರವ. ಆದರೆ ಅದನ್ನು ಒಂದು ದಾರಿ ಎಂದು ಲೆಕ್ಕ ಹಾಕಿ ಯಾರೂ ಕಾಯಬಾರದು.

ಇನ್ನು ಹೊರಗಿನ ದಾರಿ. ಮುಖ್ಯವಾದದ್ದು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್, ಅಂದರೆ ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್ ಪರೀಕ್ಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಬೇಕು, ಏಕೆಂದರೆ ನಮ್ಮ ಹುಡುಗರು ಹೆಚ್ಚು ಎಡವುವುದು ಇಲ್ಲಿ.

ಸೇಲರ್ ಆಗಿದ್ದುಕೊಂಡೇ ದೂರಶಿಕ್ಷಣದಲ್ಲಿ ಬಿಎ ಅಥವಾ ಬಿಕಾಂ ಮಾಡುತ್ತಾರೆ. ಒಳ್ಳೆಯದೇ. ಇಗ್ನೋದಂಥ ವಿಶ್ವವಿದ್ಯಾಲಯದ ಪದವಿ ಪೂರ್ತಿ ಮಾನ್ಯ. ಪದವಿ ಮುಗಿಸಿ, 'ಸಿಡಿಎಸ್ ಬರೆದು ನೇವಿ ಆಫೀಸರ್ ಆಗುತ್ತೇನೆ' ಎನ್ನುತ್ತಾರೆ. ಆಗುವುದಿಲ್ಲ. ಸಿಡಿಎಸ್ ಮೂಲಕ ನೇವಲ್ ಅಕಾಡೆಮಿಗೆ ಹೋಗಲು ಎಂಜಿನಿಯರಿಂಗ್ ಪದವಿ ಬೇಕು. ಬಿಎ, ಬಿಕಾಂ ಪದವಿಗೆ ತೆರೆಯುವ ಮುಖ್ಯ ಬಾಗಿಲು ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ (ಐಎಂಎ), ಮತ್ತೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ (ಓಟಿಎ). ಅಂದರೆ ಭೂಸೇನೆ. ಬಿಳಿ ಸಮವಸ್ತ್ರ ಬಿಚ್ಚಿ ಹಸಿರು ಹಾಕಿಕೊಳ್ಳಬೇಕು. ಸಮುದ್ರ ಬಿಟ್ಟು ರಾಜೌರಿಗೋ ಲಡಾಖಿಗೋ ಹೋಗಬೇಕು. ಅದಕ್ಕೆ ಮನಸ್ಸು ಇದ್ದರೆ ಅದು ಬಹಳ ದೊಡ್ಡ ದಾರಿ, ಖಂಡಿತ ಹೋಗಿ. ಮನಸ್ಸು ಹಡಗಿನಲ್ಲೇ ಇದ್ದರೆ ಮೂರು ವರ್ಷದ ಶ್ರಮವನ್ನು ಸಿಡಬ್ಲ್ಯೂ ಕಡೆ ಹಾಕಿ. ಸಮುದ್ರ ಬೇಕಾ, ಪಟ್ಟಿ ಬೇಕಾ ಎಂದು ಮೊದಲೇ ಕೇಳಿದ್ದು ಇದಕ್ಕೇ.

ಸಿಡಿಎಸ್‌ನಲ್ಲಿ ಐಎಂಎ, ನೇವಲ್ ಅಕಾಡೆಮಿಗಳಿಗೆ ವಯಸ್ಸು 19ರಿಂದ 24. ಓಟಿಎಗೆ 25ರವರೆಗೆ. ವಯಸ್ಸು ನೋಡುವುದು ನೀವು ಪರೀಕ್ಷೆ ಬರೆಯುವ ದಿನಕ್ಕಲ್ಲ, ಕೋರ್ಸ್ ಶುರುವಾಗುವ ಹೊತ್ತಿಗೆ. ಅಂದರೆ ಇನ್ನಷ್ಟು ತಿಂಗಳು ಕೈಬಿಟ್ಟು ಹೋದವು. ಲೆಕ್ಕ ಹಾಕೋಣ. 18ಕ್ಕೆ ಸೇರಿದಿರಿ. ಒಡಿಶಾದ ಚಿಲ್ಕಾದಲ್ಲಿ ಮೊದಲ ತರಬೇತಿ, ಆಮೇಲೆ ಬ್ರಾಂಚಿನ ತರಬೇತಿ, ಹಡಗು. 19ಕ್ಕೇ ಪದವಿಗೆ ಹೆಸರು ಹಚ್ಚಿದರೆ 22ಕ್ಕೆ ಮುಗಿಯುತ್ತದೆ. ಕೊನೆಯ ವರ್ಷದಲ್ಲಿ ಇರುವವರೂ ಅರ್ಜಿ ಹಾಕಬಹುದು. ಹಾಗೆ ಹಾಕಿದರೆ ಮೂರ್ನಾಲ್ಕು ಅವಕಾಶ ಸಿಗಬಹುದು. 21ಕ್ಕೆ ಹೆಸರು ಹಚ್ಚಿದವನಿಗೆ ಬಹುಶಃ ಒಂದೇ ಒಂದು. ಶಿರಸಿ ಕಡೆಯ ಒಬ್ಬ ಮಾಣಿ ನನ್ನ ಹತ್ತಿರ ಬಂದು ಹೇಳಿದ, 'ಇನ್ನೂ 21 ಸರ್, ಟೈಮಿದೆ.' ಕಾಗದ ತೆಗೆದು ಇಬ್ಬರೂ ಕೂತು ತಿಂಗಳು ಎಣಿಸಿದೆವು. ಅವತ್ತೇ ಸಂಜೆ ಅವನು ಅರ್ಜಿ ತುಂಬಿದ.

ಇನ್ನೊಂದು ಮಾತು, ಇದು ತಾಯಂದಿರಿಗೆ. ಐಎಂಎಗೂ ನೇವಲ್ ಅಕಾಡೆಮಿಗೂ ಹೋಗುವವರು ಮದುವೆಯಾಗಿರಬಾರದು. ತರಬೇತಿ ಮುಗಿಯುವ ತನಕವೂ ಆಗಬಾರದು. ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿತು ಎಂದು 23ಕ್ಕೇ ಹುಡುಗಿ ನೋಡಲು ಶುರು ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಂತೋಷದಿಂದಲೇ ಮಾಡುತ್ತೀರಿ, ಗೊತ್ತು. ನಿಶ್ಚಯ ಮಾಡುವ ಮೊದಲು ಮಗನನ್ನು ಒಂದು ಮಾತು ಕೇಳಿ: 'ನೀನು ಯಾವುದಾದರೂ ಪರೀಕ್ಷೆಗೆ ಕೂತಿದ್ದೀಯಾ ತಮ್ಮಾ?'

ಸಿಡಿಎಸ್ ಬರವಣಿಗೆ ಪರೀಕ್ಷೆಗೆ ಹೆದರಬೇಡಿ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ, ತಲಾ 100 ಅಂಕ, ತಲಾ ಎರಡು ಗಂಟೆ. ಗಣಿತ ಎಸ್ಸೆಸ್ಸೆಲ್ಸಿ ಮಟ್ಟದ್ದು. ಓಟಿಎಗೆ ಗಣಿತವೂ ಇಲ್ಲ. ಸೇವೆಯಲ್ಲಿರುವವರು ಇಂಥ ಪರೀಕ್ಷೆಗಳಿಗೆ ಮೇಲಿನವರಿಗೆ ತಿಳಿಸಿಯೇ ಹೋಗಬೇಕು. ಗುಟ್ಟಾಗಿ ಹಾಕಿದ ಅರ್ಜಿ ಪಾಸಾದ ಮೇಲೆ ತಲೆನೋವು ತರುತ್ತದೆ.

ಓಟಿಎ ಎಂದರೆ ಶಾರ್ಟ್ ಸರ್ವಿಸ್. 10 ವರ್ಷ, ಬೇಕಾದರೆ ಇನ್ನು 4 ವರ್ಷ. ನಡುವೆ ಕಾಯಂ ಕಮಿಷನ್ ಸಿಗದಿದ್ದರೆ ಹೊರಗೆ ಬರಬೇಕು. ಹಳೆಯ ಪದ್ಧತಿಯಲ್ಲಿ ಸೇರಿದ ಸೇಲರ್‌ಗೆ 15 ವರ್ಷಕ್ಕೆ ಪಿಂಚಣಿ ಇದೆ. ಅದನ್ನು ಬಿಟ್ಟು ಹೋಗುವಾಗ ಹಿಂದಿನ ಸೇವೆ ಹೇಗೆ ಲೆಕ್ಕಕ್ಕೆ ಬರುತ್ತದೆ ಎಂದು ಆಫೀಸಿನಲ್ಲಿ ಕೂತು, ನಿಯಮ ಓದಿಸಿಕೊಂಡು, ಲಿಖಿತವಾಗಿ ತಿಳಿದುಕೊಂಡು ಹೊರಡಿ. ಗೆಳೆಯ ಹೇಳಿದ ಎಂದು ಹೋಗಬೇಡಿ.

ಡೆಹ್ರಾಡೂನಿನಲ್ಲೇ ಆರ್ಮಿ ಕೆಡೆಟ್ ಕಾಲೇಜ್ ಇದೆ, ಎಸಿಸಿ. 1929ರಲ್ಲಿ ಕಿಚನರ್ ಕಾಲೇಜ್ ಎಂದು ಶುರುವಾದ ಹಳೆಯ ಸಂಸ್ಥೆ. ಸೇವೆಯಲ್ಲಿರುವ ಸೈನಿಕರಿಗಾಗಿಯೇ ಇರುವುದು. ಮೂರು ವರ್ಷ ಓದಿ ಪದವಿ, ಆಮೇಲೆ ಒಂದು ವರ್ಷ ಐಎಂಎ. ಭೂಸೇನೆಯವರೇ ಜಾಸ್ತಿ, ಆದರೆ ನೌಕಾಪಡೆ, ವಾಯುಪಡೆಯವರಿಗೂ ಬಾಗಿಲು ತೆರೆದಿದೆ. ಪದವಿ ಇಲ್ಲದವರು ಇದನ್ನು ವಿಚಾರಿಸಿ.

ಅಗ್ನಿವೀರರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಸಭೆ. 2022ರಿಂದ ಸೇರಿದವರಿಗೆ ನಾಲ್ಕು ವರ್ಷ, ಕೊನೆಯಲ್ಲಿ ಯೋಜನೆಯ ಪ್ರಕಾರ ಹೆಚ್ಚೆಂದರೆ ಶೇಕಡಾ 25ರಷ್ಟು ಜನ ಮಾತ್ರ ಉಳಿಯುತ್ತಾರೆ. ನಿಮಗೆ ನನ್ನ ಮಾತು ಒಂದೇ: ಪದವಿ, ಪದವಿ, ಪದವಿ. ಅಗ್ನಿವೀರರಿಗಾಗಿಯೇ ಇಗ್ನೋ ಮೂರು ವರ್ಷದ ಪದವಿ ತಂದಿದೆ. ಸೇವೆಯಲ್ಲಿ ಕಲಿತ ಕೌಶಲಕ್ಕೇ ಅರ್ಧ ಕ್ರೆಡಿಟ್ ಕೊಡುತ್ತಾರೆ. ನಾಲ್ಕು ವರ್ಷ ಮುಗಿಸಿ 22ಕ್ಕೆ ಹೊರಬಂದರೂ ಕೈಯಲ್ಲಿ ಪದವಿ ಇದ್ದರೆ ಸಿಡಿಎಸ್ ಬರೆಯುವ ವಯಸ್ಸು ಇನ್ನೂ ಇರುತ್ತದೆ. ಹಡಗಿನ ಅನುಭವ ಇರುವ 22ರ ಹುಡುಗ ಎಸ್‌ಎಸ್‌ಬಿಯಲ್ಲಿ ಕೂತರೆ ಹೇಳಲು ಅವನ ಹತ್ತಿರ ಕಥೆ ಇರುತ್ತದೆ. ಕಾಲೇಜಿನಿಂದ ನೇರ ಬಂದವನ ಹತ್ತಿರ ಅಷ್ಟು ಇರುವುದಿಲ್ಲ.

ಎಸ್‌ಎಸ್‌ಬಿ ಹೆಸರು ಬಂತು. ನಮ್ಮ ಕಡೆ ಅದನ್ನು ಇಂಟರ್‌ವ್ಯೂ ಎಂದುಕೊಂಡು ಹೋಗಿ ಮೊದಲ ದಿನವೇ ವಾಪಸ್ ಬಂದವರು ಬಹಳ. ಅದು ಐದು ದಿನದ ಪರೀಕ್ಷೆ. ಮೊದಲ ದಿನ ಬುದ್ಧಿ ಪರೀಕ್ಷೆ. ಆಮೇಲೆ ಒಂದು ಮಸುಕು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಅಲ್ಲೇ ಬಹಳ ಜನರನ್ನು ಮನೆಗೆ ಕಳಿಸುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ. 12 ಚಿತ್ರಗಳಿಗೆ ಕಥೆ, ಅದರಲ್ಲಿ ಕೊನೆಯದು ಖಾಲಿ ಹಾಳೆ. 60 ಪದ, ಒಂದೊಂದಕ್ಕೆ 15 ಸೆಕೆಂಡ್. ಅರ್ಧ ಗಂಟೆಯಲ್ಲಿ 60 ಸಂದರ್ಭಗಳು. ಆಮೇಲೆ ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಿನ ಕೆಲಸ. ಮೂರು ನಿಮಿಷದ ಭಾಷಣ. ಇಂಟರ್‌ವ್ಯೂ. ಕೊನೆಯ ದಿನ ಎಲ್ಲರೂ ಕೂತು ತೀರ್ಮಾನ. ಮನಶ್ಶಾಸ್ತ್ರಜ್ಞ, ಮೈದಾನದ ಅಧಿಕಾರಿ, ಇಂಟರ್‌ವ್ಯೂ ಮಾಡಿದವರು, ಮೂವರೂ ಬೇರೆ ಬೇರೆ ನೋಡಿರುತ್ತಾರೆ. ಮೂವರ ಮುಂದೆ ಮೂರು ಥರ ನಟಿಸಲು ಆಗುವುದಿಲ್ಲ. ಅವರು ಹುಡುಕುವುದು 15 ಗುಣಗಳನ್ನು. ಬಾಯಿಪಾಠದಿಂದ ಅವು ಬರುವುದಿಲ್ಲ.

ತಯಾರಿಗೆಂದು ಬಂದ ಸೇಲರ್ ಹುಡುಗರಲ್ಲಿ ನಾನು ಕಂಡ ಒಂದು ಸಂಗತಿ ಇದೆ. ಹಲಗೆ ಹೊರುವುದಕ್ಕೆ ಮೊದಲು ಓಡುವವರು ಇವರೇ. ಗಂಟು ಹಾಕುವುದು ಇವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಆದರೆ ಬಾಯಿ ಬಿಡುವುದಿಲ್ಲ. ಯಾರೋ ಕಾಲೇಜು ಹುಡುಗ ತಪ್ಪು ಐಡಿಯಾ ಹೇಳುತ್ತಾನೆ. ಇವನಿಗೆ ಅದು ತಪ್ಪು ಎಂದು ಗೊತ್ತು. ಆದರೂ ಸುಮ್ನೆ ಹೇಳಿದಂತೆ ಮಾಡುತ್ತಾನೆ. ಅದು ನಮ್ಮ ಶಿಸ್ತು ಕಲಿಸಿದ್ದು, ಹಡಗಿನಲ್ಲಿ ಬೇಕಾದದ್ದೇ, ಆದರೆ ಎಸ್‌ಎಸ್‌ಬಿಯಲ್ಲಿ ಅಷ್ಟೇ ಸಾಲದು. ಚಿತ್ರ ನೋಡಿ ಬರೆಯುವ ಕಥೆಯಲ್ಲೂ ಹಾಗೇ. ಕಷ್ಟ ಬರುತ್ತದೆ, ಆಗ 'ಸಾಹೇಬರು ಬಂದು ಆದೇಶ ಕೊಟ್ಟರು' ಎಂದು ಬರೆಯುತ್ತಾರೆ. ನಿಮ್ಮ ಕಥೆಯಲ್ಲಿ ನೀವೇ ಏನಾದರೂ ಮಾಡಬೇಕು. ಇದನ್ನು ಎಸ್‌ಎಸ್‌ಬಿಗೆ ಹೋಗುವ ಹಿಂದಿನ ವಾರ ಕಲಿಯಲು ಆಗದು. ಇವತ್ತಿನಿಂದ ಹಡಗಿನಲ್ಲೇ ಶುರು ಮಾಡಿ. ಕ್ರೀಡಾಕೂಟದ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ ಎನ್ನಿ. ಹೊಸದಾಗಿ ಬಂದವನಿಗೆ ಕೆಲಸ ಕಲಿಸುವುದನ್ನು ಕೇಳಿ ಪಡೆಯಿರಿ. ನಿಮ್ಮ ಚೀಫ್ ಏನಾದರೂ ಹೇಳಿದಾಗ, ವಿನಯದಿಂದ, 'ಸರ್, ಹೀಗೆ ಮಾಡಿದರೆ ಹೇಗೆ?' ಎಂದು ಕೇಳುವುದನ್ನು ಅಭ್ಯಾಸ ಮಾಡಿ. ನಿಮ್ಮನ್ನು ಶಿಫಾರಸು ಮಾಡಬೇಕಾದ ಡಿವಿಜನಲ್ ಆಫೀಸರ್ ಕಣ್ಣಿಗೂ ಬೀಳುವುದು ಇಂಥವೇ.

ಇಂಗ್ಲಿಷ್ ಭಯ. ಕನ್ನಡ ಶಾಲೆಯಲ್ಲಿ ಓದಿದ ನಮಗೆಲ್ಲ ಇದ್ದೇ ಇದೆ. ದಿನಾ ಪತ್ರಿಕೆಯ ಒಂದು ಸುದ್ದಿ ಓದಿ, ಅದನ್ನು ಗೆಳೆಯನಿಗೆ ಮೂರು ನಿಮಿಷ ಇಂಗ್ಲಿಷಿನಲ್ಲಿ ಹೇಳಿ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ, ವಿಷಯ ಇರಬೇಕು. ಬೇರೆ ಬೇರೆ ಭಾಷೆಯ ಜನರ ಜತೆ ಮೆಸ್ ಡೆಕ್ಕಿನಲ್ಲಿ ಬದುಕಿದವರು ನೀವು. ಮಾತಾಡುವ ಧೈರ್ಯ ನಿಮಗೆ ಬೇರೆಯವರಿಗಿಂತ ಬೇಗ ಬರುತ್ತದೆ.

ಸಂಬಳದ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಏಳನೇ ವೇತನ ಆಯೋಗದ ಪ್ರಕಾರ ಸಬ್ ಲೆಫ್ಟಿನೆಂಟ್ ಮೂಲ ವೇತನ 56,100 ರೂಪಾಯಿಯಿಂದ ಶುರು, ಜತೆಗೆ ಮಿಲಿಟರಿ ಸರ್ವಿಸ್ ಪೇ 15,500. ಸೇಲರ್‌ಗಳಲ್ಲಿ ಪೆಟ್ಟಿ ಆಫೀಸರ್ 29,200ರಿಂದ ಶುರು, ಮಾಸ್ಟರ್ ಚೀಫ್ ಮೊದಲ ದರ್ಜೆ 47,600ರಿಂದ, ಅವರ ಮಿಲಿಟರಿ ಸರ್ವಿಸ್ ಪೇ 5,200. ವ್ಯತ್ಯಾಸ ದೊಡ್ಡದೇ. ಮನೆ ಸಾಲ ಇರುವವನಿಗೆ, ತಂಗಿಯ ಮದುವೆ ಇರುವವನಿಗೆ ಇದು ಸಣ್ಣ ಮಾತಲ್ಲ. ಆದರೆ ಸಂಬಳಕ್ಕಾಗಿ ಮಾತ್ರ ಆಫೀಸರ್ ಆದವನ ಕೈಕೆಳಗೆ ದುಡಿಯುವ ಸೇಲರ್‌ಗಳ ಪಾಡು ನಾನು ನೋಡಿದ್ದೇನೆ.

ಬಡ್ತಿಯ ನಂತರ ಒಂದು ಸಂಕಟ ಇದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿನ್ನೆವರೆಗೆ ಒಂದೇ ಬಂಕಿನ ಮೇಲೆ ಕೆಳಗೆ ಮಲಗಿದ ಗೆಳೆಯ ಇವತ್ತು ಸೆಲ್ಯೂಟ್ ಹೊಡೆಯುತ್ತಾನೆ. ಲಿಬರ್ಟಿಗೆ, ಅಂದರೆ ಹಡಗಿನಿಂದ ಬಿಡುವು ಸಿಕ್ಕಾಗ, ಒಟ್ಟಿಗೆ ಹೊರಗೆ ಹೋಗಿ ಚಹಾ ಕುಡಿಯುವುದು ನಿಲ್ಲುತ್ತದೆ. ವಾರ್ಡ್ ರೂಮಿನಲ್ಲಿ ನಿಮಗಿಂತ ಹತ್ತು ವರ್ಷ ಚಿಕ್ಕವರು ನಿಮಗೆ ಸೀನಿಯರ್ ಆಗಿರುತ್ತಾರೆ. ಕೆಲವು ತಿಂಗಳು ಎರಡು ಕಡೆಯೂ ಸೇರದವನಂತೆ ಅನಿಸುತ್ತದೆ. ಹಳೆಯ ಗೆಳೆಯರ ರಹಸ್ಯಗಳೆಲ್ಲ ನಿಮಗೆ ಗೊತ್ತು, ಅವರನ್ನು ಶಿಸ್ತಿಗೆ ತರಬೇಕಾದವರೂ ನೀವೇ. ಇದಕ್ಕೆ ಸಿದ್ಧವಾಗಿ ಹೋಗಿ. ಗೆಳೆತನ ಹೋಗುವುದಿಲ್ಲ, ರೂಪ ಬದಲಾಗುತ್ತದೆ. ನನ್ನ ಹಳೆಯ ಮೆಸ್‌ಮೇಟ್‌ಗಳು ಈಗಲೂ ನನ್ನ ಮನೆಯ ಪ್ರತಿ ಕಾರ್ಯಕ್ಕೆ ಬರುತ್ತಾರೆ.

ಈ ಮಾತುಗಳನ್ನು ಕಾರವಾರದಲ್ಲೇ ಆಡಬೇಕು ಎಂದು ನನಗಿದ್ದ ಆಸೆಗೆ ಕಾರಣ ಇದೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಇಲ್ಲಿಯ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇನಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಬಂತು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲೂಕಿನ ಊರುಗಳು ಮನೆ ಬಿಟ್ಟವು, ಗದ್ದೆ ಬಿಟ್ಟವು, ದೋಣಿ ಎಳೆದು ಹಾಕುತ್ತಿದ್ದ ಮರಳ ದಂಡೆ ಬಿಟ್ಟವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಓಡಾಡಿದವು. ಆ ನೆಲ ಕೊಟ್ಟ ಮನೆಗಳ ಮಕ್ಕಳು ಈ ಗೇಟಿನೊಳಗೆ ಗುತ್ತಿಗೆ ಕೆಲಸಕ್ಕೆ ಹೋಗುವುದನ್ನು ನೋಡಿದ್ದೇನೆ, ಸೇಲರ್ ಆಗಿ ಹೋಗುವುದನ್ನೂ ನೋಡಿದ್ದೇನೆ. ಅವರು ಆಫೀಸರ್ ಆಗಿ ಹೋಗುವುದನ್ನೂ ನಾನು ಬದುಕಿರುವಾಗಲೇ ನೋಡಬೇಕು. ಇದು ನನ್ನ ದೊಡ್ಡ ಆಸೆ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ತಾಯಿ ಕೇಳಿದರು: 'ನನ್ನ ಮಗ ಎಷ್ಟು ಹೇಳಿದರೂ ಪರೀಕ್ಷೆ ಬೇಡ ಅಂತಾನೆ, ಚೀಫ್ ಆದರೆ ಸಾಕು ಅಂತಾನೆ. ನೀವಾದರೂ ಹೇಳಿ.' ನಾನು ಹೇಳಿದೆ: ಅಮ್ಮಾ, ಅವನು ಸೋಮಾರಿತನದಿಂದ ಹೇಳುತ್ತಾನೋ ಮನಸ್ಸಿನಿಂದ ಹೇಳುತ್ತಾನೋ ನೋಡಿ. ಮನಸ್ಸಿನಿಂದ ಆದರೆ ಬಿಟ್ಟುಬಿಡಿ. ಮಾಸ್ಟರ್ ಚೀಫ್ ಎಂದರೆ ಹಡಗಿನಲ್ಲಿ ಕ್ಯಾಪ್ಟನ್ ಕೂಡ ಕೂತು ಮಾತು ಕೇಳುವ ವ್ಯಕ್ತಿ.

ಒಬ್ಬ ಹುಡುಗ ಕೇಳಿದ: 'ಒಂದು ಸಲ ಎಸ್‌ಎಸ್‌ಬಿಯಲ್ಲಿ ಬಿದ್ದೆ. ಹಡಗಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಮತ್ತೆ ಹೋಗಲು ನಾಚಿಕೆ.' ನಾನು ಹೇಳಿದೆ: ಸಿಡಿಎಸ್‌ಗೆ ಇಷ್ಟೇ ಸಲ ಎಂಬ ಮಿತಿ ಇಲ್ಲ, ವಯಸ್ಸೊಂದೇ ಮಿತಿ. ಹಡಗಿನವರು ಮುಂದಿನ ಪೋರ್ಟಿಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ. ಯಾವ ದಿನ ಬಿದ್ದೆ, ಏನು ಹೇಳಿದೆ, ಏನು ಬರೆದೆ ಎಂದು ನೆನಪಿರುವಾಗಲೇ ಬರೆದಿಟ್ಟುಕೋ. ಮುಂದಿನ ಸಲದ ಪಾಠಪುಸ್ತಕ ಅದೇ.

ಇನ್ನೊಬ್ಬ, 'ಸರ್, ಇವತ್ತು ಮನೆಗೆ ಹೋಗಿ ಮೊದಲು ಏನು ಮಾಡಲಿ?' ಎಂದ. ಬಹಳ ಒಳ್ಳೆಯ ಪ್ರಶ್ನೆ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಸರ್ವಿಸ್ ದಾಖಲೆ, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹೆಸರು, ಹುಟ್ಟಿದ ದಿನ ಮೂರರಲ್ಲೂ ಒಂದೇ ಥರ ಇದೆಯಾ? ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಇರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ, ಮತ್ತೊಂದರಲ್ಲಿ ಮನೆತನದ ಹೆಸರು ಸೇರಿರುತ್ತದೆ. ಎಸ್‌ಎಸ್‌ಬಿ ಪಾಸಾದ ಮೇಲೆ ಇದನ್ನು ಸರಿಮಾಡಿಸಲು ಓಡಾಡುವ ಹೊತ್ತಿಗೆ ಕೋರ್ಸ್ ಶುರುವಾಗಿರುತ್ತದೆ. ಈಗ ರಜೆಯಲ್ಲಿ ಇದ್ದೀರಲ್ಲ. ಸೋಮವಾರವೇ ಶಾಲೆಗೆ ಹೋಗಿ ಅರ್ಜಿ ಕೊಡಿ.